ಹೆಸರು ಬದಲಾಯಿಸುವವರಿಗೊಂದು ಕೈಪಿಡಿ

ಆಪ್ತಸಮಾಲೋಚನೆ ಎಂದರೆ ಇಬ್ಬರು ಒಂದು ಕೋಣೆಯಲ್ಲಿ ಕೂತು ಮಾತಾಡುವುದು ಎಂದು ಬಹಳ ಜನ ನಂಬಿದ್ದಾರೆ. ಅದು ಬರೀ ಕಚ್ಚಾ ಮಾಲು ಬಂದು ಬೀಳುವ ಹಂತ. ಎದುರಿಗೆ ಕೂತವರು ಅತ್ತು, ಮೂಗು ಒರೆಸಿಕೊಂಡು, ಫೀಸು ಕೊಟ್ಟು ಎದ್ದುಹೋದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಅವರು ಬಿಟ್ಟುಹೋದ ಕಥೆಗೆ ಬೇರೆ ಹೆಸರಿಟ್ಟು ಪುಸ್ತಕಕ್ಕೆ, ಅಂಕಣಕ್ಕೆ, ಕಾಲೇಜಿನ ಭಾಷಣಕ್ಕೆ, ತೊಂಬತ್ತು ಸೆಕೆಂಡಿನ ರೀಲ್ಸಿಗೆ ಒಗ್ಗಿಸಬೇಕು. ನಾನು ಆಪ್ತಸಮಾಲೋಚಕನಲ್ಲ. ಆಪ್ತಸಮಾಲೋಚಕರಿಗೆ ಈ ಎರಡನೆಯ ಹಂತವನ್ನು ಹೇಳಿಕೊಡುವವನು. ಒಬ್ಬರ ಸಂಕಟವನ್ನು ಎದುರು ಕೂತು ಕೇಳುವ ತಾಳ್ಮೆ ನನಗಿಲ್ಲ. ಎಡಿಟ್ ಆದ ಮೇಲೆ ಎಷ್ಟು ಬೇಕಾದರೂ ಕೇಳಬಲ್ಲೆ.

ಈ ವಿದ್ಯೆಗೆ ಒಳ್ಳೆಯ ಮನೆತನವೇ ಇದೆ. 1895ರಲ್ಲಿ ವಿಯೆನ್ನಾದ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಹಿಸ್ಟೀರಿಯಾ ಕುರಿತ ಪುಸ್ತಕ ಹೊರತಂದರು. ಅದರ ಮೊದಲ ಕೇಸಿನ ಹೆಸರು ‘ಅನ್ನಾ ಓ.’ ಆಕೆಯ ನಿಜವಾದ ಹೆಸರು ಬೆರ್ಥಾ ಪಾಪೆನ್‌ಹೈಮ್. ರೋಮನ್ ಅಕ್ಷರಮಾಲೆಯಲ್ಲಿ ‘ಬಿ’ಗೆ ಹಿಂದಿನದು ‘ಎ’, ‘ಪಿ’ಗೆ ಹಿಂದಿನದು ‘ಓ’. ಎರಡೂ ಅಕ್ಷರಗಳನ್ನು ಒಂದೊಂದು ಮನೆ ಹಿಂದಕ್ಕೆ ಸರಿಸಿದರು, ಗುಟ್ಟು ಭದ್ರವಾಯಿತು. ಈ ಬೀಗ 1953ರ ತನಕ ನಿಂತಿತು. ಆ ವರ್ಷ ಫ್ರಾಯ್ಡನ ಜೀವನಚರಿತ್ರೆಯ ಮೊದಲ ಸಂಪುಟ ತಂದ ಅರ್ನೆಸ್ಟ್ ಜೋನ್ಸ್ ಆಕೆಯ ಹೆಸರನ್ನೇ ಅಚ್ಚು ಹಾಕಿಸಿದ. ಅಷ್ಟರಲ್ಲಿ ಬೆರ್ಥಾ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಆಕೆ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದ್ದರು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದ್ದರು. 1954ರಲ್ಲಿ ಪಶ್ಚಿಮ ಜರ್ಮನಿ ಆಕೆಯ ಮುಖವಿರುವ ಅಂಚೆಚೀಟಿಯನ್ನೂ ತಂದಿತು. ಇದ್ಯಾವುದೂ ನಮ್ಮ ಶಾಸ್ತ್ರಕ್ಕೆ ಮುಖ್ಯವಲ್ಲ. ಮನಶ್ಶಾಸ್ತ್ರದ ವಿದ್ಯಾರ್ಥಿಯನ್ನು ಕೇಳಿ ನೋಡಿ, ನಾಯಿಯೊಂದು ಲೋಟದಲ್ಲಿ ನೀರು ಕುಡಿದದ್ದನ್ನು ಕಂಡು ಆಕೆ ನೀರೇ ಕುಡಿಯಲಾಗದೆ ಒದ್ದಾಡಿದ ಕಥೆ ಹೇಳುತ್ತಾನೆ. ಒಳ್ಳೆಯ ಕೇಸು ಅಂದರೆ ಹಾಗಿರಬೇಕು. ಮನುಷ್ಯರ ಉಳಿದ ಬದುಕನ್ನೆಲ್ಲ ಪೂರ್ತಿ ನುಂಗಿ ನೀರು ಕುಡಿದಿರಬೇಕು.

ಅಕ್ಷರ ಸರಿಸುವ ಈ ವಿಧಾನವನ್ನು ಕನ್ನಡಕ್ಕೆ ತರುವ ಪ್ರಯತ್ನ ಫಲಿಸಲಿಲ್ಲ. ತಾರಾ ಅವರನ್ನು ಒಂದಕ್ಷರ ಹಿಂದಕ್ಕೆ ಸರಿಸಿದರೆ ಣಾರಾ ಆಗುತ್ತಾರೆ. ಚಂದ್ರಿಕಾ ಅವರು ಙಂದ್ರಿಕಾ. ಗುಟ್ಟೇನೋ ಉಳಿಯುತ್ತದೆ, ಓದುಗರು ಉಳಿಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಕೆಲವು ಖಾಯಂ ಹೆಸರುಗಳು ರೂಢಿಗೆ ಬಂದಿವೆ. ಕನ್ನಡದಲ್ಲಿ ಅಚ್ಚಾದ ಕೇಸುಗಳನ್ನು ನಂಬುವುದಾದರೆ ನಾಡಿನ ಖಿನ್ನತೆಯೆಲ್ಲ ರಮ್ಯಾ ಮತ್ತು ಸುಮಾ ಎಂಬಿಬ್ಬರ ಪಾಲಿಗೇ ಬಂದಿದೆ, ಕುಡಿತ ಪೂರ್ತಿ ರಮೇಶನದು, ಅನುಮಾನದ ಕಾಯಿಲೆ ಸುರೇಶನದು. ನಿಜವಾಗಿಯೂ ಸುಮಾ ಎಂಬ ಹೆಸರಿನವರೇ ಬಂದುಬಿಟ್ಟರೆ ಏನಿಡಬೇಕು ಎಂದು ಶಿಬಿರಗಳಲ್ಲಿ ಕೇಳುತ್ತಾರೆ. ಸುಮಾ ಎಂದೇ ಇಡಿ. ಯಾರೂ ನಂಬುವುದಿಲ್ಲ.

ಫ್ರಾಯ್ಡ್ ಈ ವಿಷಯದಲ್ಲಿ ಇನ್ನಷ್ಟು ಮುಂದೆ ಹೋದವನು. ಹದಿನೆಂಟರ ಹುಡುಗಿಯೊಬ್ಬಳನ್ನು ಅಪ್ಪನೇ ಆತನ ಬಳಿ ಕರೆತಂದ. ಹನ್ನೊಂದು ವಾರ ಬಂದಳು, 1900ರ ಡಿಸೆಂಬರ್ 31ರಂದು ಇನ್ನು ಬರುವುದಿಲ್ಲ ಎಂದು ಹೇಳಿ ಎದ್ದುಹೋದಳು. ಫ್ರಾಯ್ಡ್ ಮುಂದಿನ ತಿಂಗಳೇ ಕೇಸು ಬರೆದು ಮುಗಿಸಿದ, ಅಚ್ಚಾದದ್ದು 1905ರಲ್ಲಿ. ಹುಡುಗಿಗೆ ಇಟ್ಟ ಹೆಸರು ಡೋರಾ. ಆ ಹೆಸರು ಎಲ್ಲಿಂದ ಹೊಳೆಯಿತು ಎಂಬುದನ್ನೂ ಆತನೇ ಬೇರೆ ಕಡೆ ವಿವರಿಸಿದ್ದಾನೆ. ಆತನ ತಂಗಿಯ ಮನೆಯಲ್ಲಿ ಮಗು ನೋಡಿಕೊಳ್ಳುವ ಹುಡುಗಿ ಇದ್ದಳು. ಅವಳ ಹೆಸರು ರೋಸಾ. ಮನೆಯೊಡತಿಯ ಹೆಸರೂ ರೋಸಾ ಆದ್ದರಿಂದ ಕೆಲಸದವಳು ತನ್ನ ಹೆಸರು ಬಿಟ್ಟುಕೊಟ್ಟು ಡೋರಾ ಎನಿಸಿಕೊಳ್ಳಬೇಕಾಯಿತು. ತನ್ನ ಹೆಸರನ್ನು ತಾನು ಉಳಿಸಿಕೊಳ್ಳಲಾಗದ ಇನ್ನೊಬ್ಬಳಿಗೆ ಹೆಸರು ಹುಡುಕುವಾಗ ಅದೇ ನೆನಪಾಯಿತಂತೆ. ಕೆಲಸದವಳಿಗೆ ಯಾರೋ ಕೊಟ್ಟ ಹೆಸರು ಕ್ಲೈಂಟಿಗೂ ಬಂತು. ಸಂಪನ್ಮೂಲದ ಇಂಥ ಮಿತವ್ಯಯ ಈಗಿನವರಲ್ಲಿ ಇಲ್ಲ.

ಆ ಕೇಸಿನ ಮುನ್ನುಡಿಯನ್ನು ನಮ್ಮ ಕ್ಷೇತ್ರದ ಸಂವಿಧಾನವೆಂದೇ ನಾನು ಪಾಠ ಮಾಡುತ್ತೇನೆ. ತಮ್ಮ ಮಾತು ಶಾಸ್ತ್ರದ ಕೆಲಸಕ್ಕೆ ಬಳಕೆಯಾದೀತು ಎಂಬ ಸುಳಿವು ಸಿಕ್ಕಿದ್ದರೆ ರೋಗಿಗಳು ಬಾಯಿಯನ್ನೇ ಬಿಡುತ್ತಿರಲಿಲ್ಲ ಎಂದು ಫ್ರಾಯ್ಡ್ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಪ್ರಕಟಿಸಲು ಅವರ ಅನುಮತಿ ಕೇಳಿದರೆ ಅದೂ ಸಿಗುವುದಿಲ್ಲ ಎನ್ನುತ್ತಾನೆ. ಹಾಗಾಗಿ ಕೇಳಲಿಲ್ಲ. ಇಷ್ಟು ನೇರವಾದ ತರ್ಕವನ್ನು ಆಮೇಲೆ ಯಾರೂ ಮಂಡಿಸಿಲ್ಲ. ಊರಿನ ಎಷ್ಟೋ ವೈದ್ಯರು ಇದು ಯಾರ ಮನೆಯ ಕಥೆ ಎಂದು ಪತ್ತೆ ಹಚ್ಚುವ ಚಪಲಕ್ಕೇ ಓದುತ್ತಾರೆಂಬ ಅಸಹ್ಯವೂ ಆತನಿಗಿತ್ತು. ಅದಕ್ಕೇ ಮುಂಜಾಗ್ರತೆಯಾಗಿ ವೈದ್ಯರ ಪತ್ರಿಕೆಯೊಂದಕ್ಕೆ ಮಾತ್ರ ಕೊಟ್ಟ. ಯಾರು ಓದಬಾರದೆಂಬ ಭಯವಿತ್ತೋ ಅವರ ಹೊರತು ಬೇರೆ ಯಾರ ಕೈಗೂ ಅದು ಹೋಗಲಿಲ್ಲ. ಹುಡುಗಿಯೇ ಅಕಸ್ಮಾತ್ ಓದಿಬಿಟ್ಟರೆ? ಅವಳಿಗೆ ಗೊತ್ತಿಲ್ಲದ ಹೊಸ ಸಂಗತಿ ಅದರಲ್ಲೇನೂ ಇಲ್ಲವಲ್ಲ ಎಂಬುದು ಆತನ ಸಮಾಧಾನ.

ಹೆಸರಾಯಿತು, ಇನ್ನು ಗುರುತು ಮರೆಸುವುದು. ಅಮೆರಿಕದ ಮನೋವೈದ್ಯ ಗ್ಲೆನ್ ಗ್ಯಾಬರ್ಡ್ 2000ದ ಲೇಖನವೊಂದರಲ್ಲಿ ಇದಕ್ಕೆ ಐದು ದಾರಿ ತೋರಿಸಿದ್ದಾರೆ: ಗುರುತು ಸಿಗದಷ್ಟು ದಪ್ಪ ವೇಷ ಹಾಕುವುದು, ರೋಗಿಯ ಒಪ್ಪಿಗೆ ಪಡೆಯುವುದು, ಬದುಕಿನ ವಿವರ ಬಿಟ್ಟು ಕೋಣೆಯೊಳಗೆ ನಡೆದದ್ದನ್ನಷ್ಟೇ ಬರೆಯುವುದು, ಹಲವರನ್ನು ಕಲಸಿ ಒಬ್ಬರನ್ನು ಮಾಡುವುದು, ಸಹೋದ್ಯೋಗಿಯ ಹೆಸರಿನಲ್ಲಿ ಪ್ರಕಟಿಸುವುದು. ಕೊನೆಯದನ್ನು ಮೊದಲೇ ತಳ್ಳಿಹಾಕೋಣ. ನಮ್ಮ ಕಡೆ ಸಹೋದ್ಯೋಗಿಗೆ ಹೇಳಿದ ಸಂಗತಿ ಲೇಖನವಾಗುವ ತನಕ ಕಾಯುವುದಿಲ್ಲ. ಕೋಣೆಯೊಳಗೆ ನಡೆದದ್ದನ್ನಷ್ಟೇ ಬರೆಯುವುದಂತೂ ಇನ್ನೂ ಅಪಾಯ. ಸಮಾಲೋಚಕರು ಅಲ್ಲಿ ಏನು ಮಾಡಿದರು ಎಂಬುದು ಬಯಲಾಗಿಬಿಡುತ್ತದೆ.

ಉಳಿದದ್ದರಲ್ಲಿ ವೇಷವೇ ಎಲ್ಲರಿಗೂ ಪ್ರಿಯ. ಸಾಮಾನ್ಯವಾಗಿ ಅದು ಹೀಗಿರುತ್ತದೆ: ಸಾಗರದ ಕಡೆಯ ಅಡಿಕೆ ತೋಟದ ಮನೆ, ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳು, ಮೂಡುಬಿದಿರೆಯಲ್ಲಿ ಓದು, ಎಂ.ಎಸ್ಸಿ. ಕೆಮಿಸ್ಟ್ರಿಯಲ್ಲಿ ರ‍್ಯಾಂಕು, ಗಂಡ ಎಲ್‌ಐಸಿಯಲ್ಲಿ, ಮಾವನಿಗೆ ಯಕ್ಷಗಾನದ ಹುಚ್ಚು, ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ಹೆಸರು ಮಾತ್ರ ಸುಮಾ. ಬೆಂಗಳೂರಿನ ಓದುಗರಿಗೆ ಇವಳು ಯಾರೋ ಸುಮಾ. ಸಾಗರ, ಸಿದ್ದಾಪುರ, ಶಿರಸಿಯ ಯಾವುದಾದರೂ ಮದುವೆಮನೆಯ ಪಂಕ್ತಿಯಲ್ಲಿ ಸಾರು ಬಡಿಸುವಾಗ ಈ ವಿಷಯ ಎತ್ತಿ ನೋಡಿ. ‘ಅದೇ, ನಮ್ಮ ಗಣಪಣ್ಣನ ಸೊಸೆ ಅಲ್ದಾ?’ ಎಂದು ಎದುರಿನ ಸಾಲಿನಿಂದಲೇ ಉತ್ತರ ಬರುತ್ತದೆ. ಹುಳಿ ಬರುವಷ್ಟರಲ್ಲಿ ಮನೆ ಖಚಿತವಾಗುತ್ತದೆ, ಪಾಯಸಕ್ಕೆ ಮೊದಲು ಗಂಡನ ಬ್ರಾಂಚು. ಅಲ್ಲಿಗೆ ಚರ್ಚೆ ಮುಗಿದು, ದೋಷ ಗಂಡನದೋ ಹೆಂಡತಿಯದೋ ಎಂಬ ವೈದ್ಯಕೀಯ ಭಾಗ ಎಲೆ ಎತ್ತಿದ ಮೇಲೆ ಜಗುಲಿಯಲ್ಲಿ ಮುಂದುವರಿಯುತ್ತದೆ.

ಇದನ್ನು ಹಳೆಯ ಚಾಳಿ ಎಂದು ಜರಿಯುವವರಿದ್ದಾರೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನಪಿಸಿಕೊಳ್ಳಿ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾದಲ್ಲಿ ಕಲ್ಪನಾ ಆ ಪಾತ್ರ ಮಾಡಿದ ಮೇಲೆ ಆಕೆಯನ್ನು ನೋಡದ ಕನ್ನಡಿಗರು ಕಡಿಮೆ. ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದವಳನ್ನು ಮತ್ತೆ ಕೆಡವಿದ್ದು ಮನೆಯವರ, ನೆರೆಯವರ, ಊರವರ ನೋಟ ಮತ್ತು ಮಾತು. ಆದರೆ ಗಮನಿಸಬೇಕಾದ್ದು ಏನೆಂದರೆ, ಅದೆಲ್ಲ ಅಸಂಘಟಿತ ವಲಯ. ಯಾರು ಯಾರಿಗೆ ಏನು ಹೇಳಿದರು ಎಂಬುದಕ್ಕೆ ದಾಖಲೆಯಿಲ್ಲ, ಕ್ಯಾಮೆರಾ ಇಲ್ಲ, ಸಬ್‌ಟೈಟಲ್ ಇಲ್ಲ. ನಾವು ಅದಕ್ಕೆ ವೃತ್ತಿಪರತೆ ತಂದಿದ್ದೇವೆ.

ಹಾಗಾದರೆ ಊರನ್ನೇ ಬದಲಾಯಿಸಿ ಎನ್ನುತ್ತೀರಿ. ಬದಲಾಯಿಸಬಹುದು, ಆದರೆ ಊರು ಒಂಟಿಯಾಗಿ ಬದಲಾಗುವುದಿಲ್ಲ. ನನ್ನ ತರಗತಿಯ ಅಚ್ಚುಮೆಚ್ಚಿನ ಅಭ್ಯಾಸ ಪಾಠವೊಂದಿದೆ. ಮಂಡ್ಯದ ಕಡೆಯ ಒಬ್ಬ ರೈತ; ವಯಸ್ಸು ಮೂವತ್ತೈದು. ಊಟ ಮಾಡುವಾಗ ಗಂಟಲು ಕಟ್ಟುತ್ತದೆ. ಎಂಡೋಸ್ಕೋಪಿ ಆಗಿದೆ, ಎಲ್ಲ ಸರಿಯಿದೆ. ‘ಗಂಟ್ಲಲ್ಲೇ ಸಿಕ್ಕಾಕತದೆ ಸಾ, ಕೆಳಕ್ಕೇ ಇಳ್ಯಾಕಿಲ್ಲ’ ಎನ್ನುತ್ತಾನೆ. ವಿಚಾರಿಸಿದರೆ ತನ್ನ ಮನೆಯಲ್ಲಿ ಒಂದೂವರೆ ಮುದ್ದೆ ಸಲೀಸಾಗಿ ಇಳಿಯುತ್ತದೆ, ಹೆಂಡತಿಯ ತವರಿನಲ್ಲಿ ಮಾತ್ರ ಮೊದಲ ತುತ್ತೇ ನಿಲ್ಲುತ್ತದೆ. ಇನ್ನೂ ಕೆದಕಿದರೆ, ಮಾವನ ಹತ್ತಿರ ಟ್ರ್ಯಾಕ್ಟರಿಗೆಂದು ತಂದ ಸಾಲ ತೀರಿಲ್ಲ. ಮಾವ ಒಂದು ಮಾತೂ ಆಡುವುದಿಲ್ಲ, ಎದುರಿಗೆ ಕೂತು ‘ಉಣ್ಣಿ ಉಣ್ಣಿ’ ಎನ್ನುತ್ತಾನೆ, ಅಷ್ಟೆ. ಮುದ್ದೆಯನ್ನು ಜಗಿಯುವಂತಿಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗಬೇಕು. ನುಂಗಲು ಗಂಟಲು ಸಡಿಲವಾಗಿರಬೇಕು. ಎಂಥ ಕೇಸು ನೋಡಿ. ಇಂಥದ್ದು ಸಿಕ್ಕಾಗ ಬರೆಯದೆ ಬಿಡುವ ಸಮಾಲೋಚಕರು ವೃತ್ತಿಯಲ್ಲಿ ಮೇಲೆ ಬರಲಾರರು.

ಈಗ ವೇಷ ಹಾಕೋಣ. ಮಂಡ್ಯದವನನ್ನು ಧಾರವಾಡಕ್ಕೆ ಕಳಿಸಿದೆವು. ಧಾರವಾಡದ ಮಾವನ ಮನೆಯಲ್ಲಿ ಮುದ್ದೆ ಇರುವುದಿಲ್ಲ, ಆದ್ದರಿಂದ ಜೋಳದ ರೊಟ್ಟಿ, ಎಣ್ಣೆಗಾಯಿ. ‘ಗಂಟಲದಾಗ ಸಿಕ್ಕೋತೈತ್ರಿ’ ಎಂದು ಮಾತನ್ನೂ ತಿದ್ದಿದೆವು. ಆದರೆ ರೊಟ್ಟಿಯನ್ನು ಜಗಿದು ತಿನ್ನುತ್ತಾರೆ. ಇಷ್ಟು ಹೊತ್ತು ಜಗಿದದ್ದು ಗಂಟಲಲ್ಲಿ ಯಾಕೆ ಸಿಕ್ಕಿಕೊಳ್ಳಬೇಕು? ಹೀಗಾಗಿ ಗಂಟಲ ಬದಲು ದವಡೆ ನೋವು ಎಂದು ಮಾಡಿದೆವು. ದವಡೆ ನೋವಿಗೆ ಎಂಡೋಸ್ಕೋಪಿ ಮಾಡಿಸುವುದಿಲ್ಲ, ಅಲ್ಲಿ ಎಕ್ಸ್‌ರೇ ಬಂತು. ಮೂರನೆಯ ತಿದ್ದುಪಡಿಯ ಹೊತ್ತಿಗೆ ಅದು ಬುದ್ಧಿಹಲ್ಲಿನ ಕೇಸಾಗಿತ್ತು. ಇದನ್ನು ಓದುವ ಎಳೆಯ ಸಮಾಲೋಚಕರು ಮುಂದೆ ಮಾವನ ಸಾಲವಿರುವವರನ್ನೆಲ್ಲ ದಂತವೈದ್ಯರ ಬಳಿ ಕಳಿಸುತ್ತಾರೆ, ಶಾಸ್ತ್ರ ಬೆಳೆಯುವುದೇ ಹಾಗೆ. ಇಷ್ಟೆಲ್ಲ ಆದ ಮೇಲೂ ಮಂಡ್ಯದವನು ಕಟಿಂಗ್ ಶಾಪಿನಲ್ಲಿ ಹಳೆಯ ವಾರಪತ್ರಿಕೆ ತಿರುವುತ್ತ ಎರಡನೆಯ ಪ್ಯಾರಾದಲ್ಲೇ ತನ್ನನ್ನು ಕಂಡುಕೊಳ್ಳುತ್ತಾನೆ. ಟ್ರ್ಯಾಕ್ಟರನ್ನು ಯಾರೂ ಬದಲಾಯಿಸಿರಲಿಲ್ಲ.

ದಕ್ಷಿಣದವರನ್ನು ಉತ್ತರಕ್ಕೆ, ಉತ್ತರದವರನ್ನು ದಕ್ಷಿಣಕ್ಕೆ ಕಳಿಸುವ ತಂತ್ರವನ್ನು ನಾವೇ ಕಂಡುಹಿಡಿದೆವೆಂದು ಬೀಗಬೇಕಾಗಿಲ್ಲ. ನ್ಯೂಯಾರ್ಕಿನ ಮನೋವಿಶ್ಲೇಷಕ ಹಾನ್ಸ್ ಕ್ಲೈನ್‌ಶ್ಮಿಡ್ಟ್ 1967ರಲ್ಲಿ ಸೃಜನಶೀಲರ ಸಿಟ್ಟಿನ ಬಗ್ಗೆ ಒಂದು ಲೇಖನ ಬರೆದರು. ಅವರ ಬಳಿ ಬರುತ್ತಿದ್ದವರು ಕಾದಂಬರಿಕಾರ ಫಿಲಿಪ್ ರಾತ್; ಹುಟ್ಟೂರು ಉತ್ತರದ ನ್ಯೂಜೆರ್ಸಿ, ಆಗ ಮೂವತ್ತರ ಹರೆಯ. ಲೇಖನದಲ್ಲಿ ಅವರು ದಕ್ಷಿಣ ಪ್ರಾಂತದ, ನಲವತ್ತು ದಾಟಿದ ನಾಟಕಕಾರ. ಒಳ್ಳೆಯ ವೇಷವೇ. ತೊಡಕಾದದ್ದು ಎಲ್ಲಿ ಎಂದರೆ, ಅಮ್ಮನ ಜೊತೆ ಈಜುಡುಗೆ ಕೊಳ್ಳಲು ಹೋದಾಗಿನ ಬಾಲ್ಯದ ಅವಮಾನವೊಂದನ್ನು ವೈದ್ಯರೂ ಬಳಸಿದರು, ಅದೇ ಪ್ರಸಂಗವನ್ನು ಕಾದಂಬರಿಕಾರರೂ 1969ರಲ್ಲಿ ಬಂದ ‘ಪೋರ್ಟ್‌ನಾಯ್ಸ್ ಕಂಪ್ಲೇಂಟ್’ನಲ್ಲಿ ಬಳಸಿದರು. ಒಂದೇ ಕಥೆ ಇಬ್ಬರು ಲೇಖಕರ ಹೆಸರಲ್ಲಿ ಬಂದಂತಾಯಿತು. ರಾತ್ ಅಲ್ಲಿಗೂ ಬಿಡಲಿಲ್ಲ. 1974ರ ತಮ್ಮ ಕಾದಂಬರಿಯಲ್ಲಿ, ರೋಗಿಯ ಬದುಕನ್ನು ಪತ್ರಿಕೆಗೆ ಬರೆದುಹಾಕುವ ವೈದ್ಯನೊಬ್ಬನನ್ನು ತಂದು ನಿಲ್ಲಿಸಿ ಜಗಳ ಪೂರ್ತಿ ತೀರಿಸಿಕೊಂಡರು. ಇದರಿಂದ ನಾವು ಕಲಿಯಬೇಕಾದ್ದು ಕ್ಲೈಂಟುಗಳನ್ನು ಆರಿಸುವ ಬಗೆ. ಚೆನ್ನಾಗಿ ಬರೆಯಬಲ್ಲವರು ಬಂದರೆ ಅಪಾಯಿಂಟ್‌ಮೆಂಟ್ ಇಲ್ಲ ಎಂದುಬಿಡಿ.

ಹಲವರನ್ನು ಕಲಸಿ ಒಬ್ಬರನ್ನು ಮಾಡುವ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವರ ಕಥೆ ಸೇರಿಸಿ ಒಬ್ಬಳು ರಮ್ಯಾ ಮಾಡಿದರೆ ಮೂವರೂ ಅದು ತಾನೇ ಎಂದು ನೊಂದುಕೊಳ್ಳುತ್ತಾರೆ. ಯಾವತ್ತೂ ಬಾಗಿಲು ತಟ್ಟದ ನಾಲ್ಕನೆಯವಳೊಬ್ಬಳು ತನ್ನ ಅತ್ತೆಯೇ ಹೋಗಿ ಹೇಳಿಬಂದಿದ್ದಾರೆಂದು ಜಗಳ ತೆಗೆಯುತ್ತಾಳೆ. ಒಂದು ಲೇಖನಕ್ಕೆ ನಾಲ್ಕು ಹೊಸ ಕೇಸು, ಲೆಕ್ಕ ಬುಡಮೇಲಾಗುವುದಿಲ್ಲ.

ಇನ್ನು ಒಪ್ಪಿಗೆ. ಹೊಸಬರು ಇದಕ್ಕೆ ಹೆದರುತ್ತಾರೆ. ಹೆದರಬೇಕಾಗಿಲ್ಲ, ಕೇಳುವ ಹೊತ್ತು ಗೊತ್ತಿರಬೇಕು. ಅಳು ನಿಂತಿರಬಾರದು, ಟಿಶ್ಯೂ ಇನ್ನೂ ಕೈಯಲ್ಲೇ ಇರಬೇಕು. ‘ನಿಮ್ಮ ಅನುಭವ ಇನ್ನೊಬ್ಬರಿಗೆ ದಾರಿದೀಪ ಆಗಬಹುದು ಅಲ್ವಾಮ್ಮ?’ ಎಂದು ಕೇಳಿ. ‘ಅಯ್ಯೋ, ನಂದೇನ್ ಮಹಾ ಕಥೆ ಮೇಡಂ’ ಎನ್ನುತ್ತಾರೆ. ಇದನ್ನು ಲಿಖಿತ ಒಪ್ಪಿಗೆ ಎಂದು ನಮೂದಿಸಿಕೊಳ್ಳಿ. ಮುಂದಿನ ವಾರವೂ ಇದೇ ಕುರ್ಚಿಯಲ್ಲಿ ಬಂದು ಕೂರಬೇಕಾದವರು, ತಮ್ಮ ನಿದ್ದೆ ಮಾತ್ರೆಯಿಂದ ಹಿಡಿದು ಮದುವೆ ಮುರಿಯುವ ಮಾತಿನ ತನಕ ನಿಮ್ಮ ಮುಂದೆ ಹರಡಿಟ್ಟವರು, ನಿಮ್ಮ ಮುಖಕ್ಕೆ ಬೇಡ ಎನ್ನುವುದು ನಾನು ಕಂಡಂತೆ ಬಹಳ ಅಪರೂಪ. ‘ನಮ್ಮನೆಯವರನ್ನ ಒಂದ್ ಮಾತು ಕೇಳಿ ಹೇಳ್ತೀನಿ’ ಎಂದರೆ ಮಾತ್ರ ಸ್ವಲ್ಪ ತೊಡಕು, ಯಾಕೆಂದರೆ ಕಥೆಯ ಖಳನಾಯಕ ಅವರೇ. ಅಂದಹಾಗೆ ಖಳನಾಯಕರ ಒಪ್ಪಿಗೆ ಕೇಳುವ ಪದ್ಧತಿ ಎಲ್ಲೂ ಇಲ್ಲ. ಕನ್ನಡದ ಕೇಸುಗಳಲ್ಲಿ ಬಂದುಹೋದ ಅತ್ತೆಯರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡರೆ ನಮಗೆ ಉಳಿಗಾಲವಿಲ್ಲ.

ಬಾಯಿಮಾತಿನ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದೇ ಎಂದು ಕೇಳಿದರೆ ನ್ಯೂಯಾರ್ಕಿನ ಒಂದು ಪ್ರಕರಣವನ್ನು ಹೇಳಬೇಕಾಗುತ್ತದೆ. ಚಿಕಿತ್ಸೆ ಮುಗಿದು ಎಂಟು ವರ್ಷವಾದ ಮೇಲೆ ಮನೋವೈದ್ಯೆಯೊಬ್ಬರು ಗಂಡನ ಜೊತೆ ಸೇರಿ ಪುಸ್ತಕ ಬರೆದರು. ಅದರಲ್ಲಿ ರೋಗಿಯ ಮಾತು, ಸಂಸಾರದ ಒಳಗುಟ್ಟು ಎಲ್ಲ ಇದ್ದವು. ಚಿಕಿತ್ಸೆಯ ನಡುವೆ ಆಕೆ ಒಪ್ಪಿದ್ದರು ಎಂಬ ವಾದವನ್ನು 1977ರಲ್ಲಿ ಕೋರ್ಟು ಒಪ್ಪಲಿಲ್ಲ. ಪುಸ್ತಕಕ್ಕೆ ತಡೆ ಬಿತ್ತು, 20,000 ಡಾಲರ್ ಪರಿಹಾರ ಕೊಡಿಸಲಾಯಿತು. ಅಷ್ಟರಲ್ಲಿ ಮಾರಾಟವಾಗಿದ್ದದ್ದು 220 ಪ್ರತಿ. ಪ್ರತಿಯೊಂದಕ್ಕೆ ತೊಂಬತ್ತು ಡಾಲರ್ ಮೇಲೆ ಬಿದ್ದಂತಾಯಿತು. ಕನ್ನಡದಲ್ಲಿ ಪುಸ್ತಕ ಮಾರಾಟದ ಸ್ಥಿತಿ ಬಲ್ಲವರು 220 ಎಂಬ ಅಂಕಿಯನ್ನೇ ಹಿಡಿದು ಯೋಚನೆಗೆ ಬೀಳುತ್ತಾರೆ, ಪರಿಹಾರದ ಮೊತ್ತ ಅವರ ಕಿವಿಗೇ ಬೀಳುವುದಿಲ್ಲ.

ತೀರಿಕೊಂಡ ಕ್ಲೈಂಟುಗಳ ವಿಷಯ ಸುಲಭ ಎಂದು ಕೆಲವರ ಎಣಿಕೆ. ಕವಯಿತ್ರಿ ಆ್ಯನ್ ಸೆಕ್ಸ್‌ಟನ್ 1974ರಲ್ಲಿ ತೀರಿಕೊಂಡರು. 1991ರಲ್ಲಿ ಅವರ ಜೀವನಚರಿತ್ರೆ ಬಂದಾಗ, ಅವರ ಮನೋವೈದ್ಯ ಮಾರ್ಟಿನ್ ಓರ್ನ್ ಚಿಕಿತ್ಸೆಯ ಸುಮಾರು ಮುನ್ನೂರು ಟೇಪುಗಳನ್ನು ಬರೆಯುವವರ ಕೈಗೆ ಕೊಟ್ಟಿದ್ದರೆಂದು ತಿಳಿಯಿತು. ಮಗಳು ಒಪ್ಪಿದ್ದಳು. ವೃತ್ತಿಯವರು ದೊಡ್ಡ ರಾದ್ಧಾಂತ ಮಾಡಿದರು, ಸತ್ತವರಿಗೂ ಗುಟ್ಟಿದೆ ಎಂದರು. ಅಮೆರಿಕದವರು ಸಣ್ಣಪುಟ್ಟದ್ದನ್ನೂ ದೊಡ್ಡದು ಮಾಡುತ್ತಾರೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಚರಕ ಸಂಹಿತೆಯಲ್ಲಿ ಶಿಷ್ಯನಿಗೆ ಕೊಡುವ ಉಪದೇಶದಲ್ಲೇ ರೋಗಿಯ ಮನೆಯ ಸಂಗತಿ ಹೊರಗೆ ಹೇಳಬಾರದು ಎಂದಿದೆ. ಚರಕರ ಕಾಲದಲ್ಲಿ ಫಾಲೋವರ್‌ಗಳಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ನು ಗೋಪ್ಯತೆಯನ್ನು ಮಾನಸಿಕ ಕಾಯಿಲೆ ಇರುವವರ ಹಕ್ಕು ಎನ್ನುತ್ತದೆ, 24ನೆಯದು ಅವರ ಒಪ್ಪಿಗೆಯಿಲ್ಲದೆ ಫೋಟೊ, ಮಾಹಿತಿ ಮಾಧ್ಯಮಕ್ಕೆ ಕೊಡಬೇಡಿ ಎನ್ನುತ್ತದೆ. ನನ್ನ ಶಿಷ್ಯರು ಇದನ್ನು ಗಮನವಿಟ್ಟು ಓದಿ, ಅತ್ತೆಯ ಕಾಟ ಕಾಯಿಲೆಯಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ವೈದ್ಯರಿಗಾದರೆ 2002ರ ನಡತೆಯ ನಿಯಮಗಳಿವೆ: ಗುರುತು ಸಿಗುವಂತೆ ಕೇಸು ಪ್ರಕಟಿಸಲು ಅನುಮತಿ ಬೇಕು, ಗುರುತು ಸಿಗದಿದ್ದರೆ ಬೇಡ. ಗುರುತು ಸಿಗುತ್ತದೋ ಇಲ್ಲವೋ ಎಂದು ನೋಡಿ ಹೇಳುವವರು ಬರೆದವರೇ. ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡುವ ಈ ವ್ಯವಸ್ಥೆಯಲ್ಲಿ ಇದುವರೆಗೆ ಯಾರೂ ಫೇಲಾದದ್ದನ್ನು ನಾನು ಕೇಳಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಬರೀ ‘ಕೌನ್ಸೆಲರ್’ ಎಂದು ಹಾಕಲು ಬಹುಕಾಲ ಪೇಂಟರ್ ಸಿಕ್ಕಿದರೆ ಸಾಕಾಗಿತ್ತು. 2021ರ ಕಾಯ್ದೆಯೊಂದು ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆಯಾದರೂ ಬೋರ್ಡುಗಳು ಪೇಂಟರುಗಳ ಮೇಲೇ ಹೆಚ್ಚು ಭರವಸೆ ಇಟ್ಟಿವೆ.

ಬರೆಯಲು ಬಾರದವರು ನಿರಾಶರಾಗಬೇಕಿಲ್ಲ, ಅವರಿಗೆ ಕಾಲೇಜುಗಳಿವೆ. ಕಾಲೇಜಿಗೊಂದು ಕೌನ್ಸೆಲಿಂಗ್ ಸೆಲ್ ಇರಬೇಕು, ನ್ಯಾಕ್ ತಂಡ ಬಂದಾಗ ತೋರಿಸಲು ಅದು ಕೆಲಸ ಮಾಡುತ್ತಿರುವ ಫೋಟೊ ಇರಬೇಕು, ಫೋಟೊಕ್ಕೆ ಜಿಯೋಟ್ಯಾಗ್ ಇರಬೇಕು. ಹೀಗಾಗಿ ಅಳುತ್ತಿರುವ ವಿದ್ಯಾರ್ಥಿನಿ ಅಕ್ಷಾಂಶ ರೇಖಾಂಶ ಸಮೇತ ಫೈಲಿನಲ್ಲಿ ಸಿಗುತ್ತಾಳೆ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಮಾನಸಿಕ ಆರೋಗ್ಯದ ಭಾಷಣ. ಅಲ್ಲಿ ಹೀಗೆ ಶುರು ಮಾಡಬೇಕು: ‘ಎಲ್ಲೋ ದೂರದ ಉದಾಹರಣೆ ಬೇಡ. ನಿಮ್ಮ ನಡುವೆಯೇ, ಇದೇ ಹಾಲ್‌ನಲ್ಲೇ ಕೂತಿರೋ ಒಬ್ಬ ಹುಡುಗಿ ಹೋದ ತಿಂಗಳು ನನ್ನ ಹತ್ರ ಬಂದಿದ್ಲು. ಹೆಸರು ಹೇಳಲ್ಲ.’ ಕೊನೆಯ ಎರಡು ಪದಕ್ಕೆ ಸಭೆ ಪೂರ್ತಿ ಎಚ್ಚರವಾಗುತ್ತದೆ. ಎಲ್ಲರೂ ಹಿಂದೆ ಮುಂದೆ ತಿರುಗಿ ನೋಡುತ್ತಾರೆ. ಐದನೆಯ ಸಾಲಿನ ಒಬ್ಬಳು ಮಾತ್ರ ತಿರುಗುವುದಿಲ್ಲ. ಅದರಿಂದಲೇ ಉಳಿದವರಿಗೆ ತಿಳಿಯುತ್ತದೆ. ಹೆಸರನ್ನು ಹೇಳಿದ ತಪ್ಪು ನಿಮ್ಮ ಮೇಲೆ ಬರುವುದಿಲ್ಲ. ಮಾರನೆಯ ವಾರದಿಂದ ಕೌನ್ಸೆಲಿಂಗ್ ಕೋಣೆಗೆ ಯಾರೂ ಬರುವುದಿಲ್ಲ. ವಾರ್ಷಿಕ ವರದಿಯಲ್ಲಿ ಇದನ್ನು ‘ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದಲ್ಲಿ ಗಮನಾರ್ಹ ಸುಧಾರಣೆ’ ಎಂದು ಬರೆಯತಕ್ಕದ್ದು.

ಕಂಪನಿಗಳಲ್ಲಿ ಇದೇ ಕೆಲಸವನ್ನು ಅಂಕಿಅಂಶದ ಮೂಲಕ ಮಾಡುತ್ತಾರೆ. ಹೆಸರಿಲ್ಲ, ವಯಸ್ಸಿಲ್ಲ, ಬರೀ ತಿಂಗಳ ವರದಿ: ಈ ಟೀಮಿನಿಂದ ಬಂದ ಮಹಿಳೆಯರಲ್ಲಿ ಶೇಕಡಾ ನೂರು ಜನರಿಗೆ ವಿಚ್ಛೇದನದ ಚಿಂತೆ. ಟೀಮಿನಲ್ಲಿರುವುದು ನಾಲ್ಕು ಜನ, ಅದರಲ್ಲಿ ಮಹಿಳೆ ಒಬ್ಬರು.

ಆದರೂ ನಮ್ಮದು ಗುಡಿ ಕೈಗಾರಿಕೆ ಎಂಬ ಅರಿವು ನನಗಿದೆ. ಒಂದೊಂದೇ ಕಥೆ ಹೆಕ್ಕಿ, ಒಂದೊಂದೇ ಹೆಸರು ಬದಲಾಯಿಸಿ ಎಷ್ಟು ಜನರನ್ನು ತಲುಪಲು ಸಾಧ್ಯ? ಆನ್‌ಲೈನ್ ಥೆರಪಿ ನಡೆಸುವ ಅಮೆರಿಕದ ಬೆಟರ್‌ಹೆಲ್ಪ್ ಕಂಪನಿ, ನೆರವು ಕೇಳಿ ಬಂದವರ ಇಮೇಲ್ ವಿಳಾಸ ಮತ್ತಿತರ ಮಾಹಿತಿಯನ್ನು ಜಾಹೀರಾತಿಗೆಂದು ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳ ಜೊತೆ ಹಂಚಿಕೊಂಡಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು ಹಾಕಿತು. 2023ರಲ್ಲಿ 78 ಲಕ್ಷ ಡಾಲರಿಗೆ ವಿಷಯ ಇತ್ಯರ್ಥವಾಯಿತು. ದಂಡದ ಮಾತು ಬಿಡಿ, ವಿಧಾನವನ್ನು ನೋಡಿ. ಅಲ್ಲಿ ಊರವರು ಬಾಯಿಗೊಂದರಂತೆ ಆಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಬೇಸರವೆಂದು ಹೇಳಿಕೊಂಡವರ ಗುರುತು ಸದ್ದಿಲ್ಲದೆ ಜಾಹೀರಾತಿನವರ ಕೈಸೇರುತ್ತದೆ, ಯಾರೂ ಜಗುಲಿಯಲ್ಲಿ ಕೂರಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಿರುವ ಕೆಲವು ಬೆಳವಣಿಗೆಗಳು ನನ್ನನ್ನು ಕಳವಳಕ್ಕೀಡುಮಾಡಿವೆ. 2022ರ ಅಕ್ಟೋಬರ್ 10ರಿಂದ ಸರ್ಕಾರ ಟೆಲಿ-ಮಾನಸ್ ಎಂಬ ಸಹಾಯವಾಣಿ ನಡೆಸುತ್ತಿದೆ. ನಿಮ್ಹಾನ್ಸ್ ಅದರ ಉಸ್ತುವಾರಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅಷ್ಟೊಂದು ಜನ ಅಷ್ಟೊಂದು ಹೇಳಿಕೊಂಡು ಫೋನ್ ಇಡುತ್ತಾರೆ. ಅದರಲ್ಲಿ ಒಂದೇ ಒಂದು ಕಥೆ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ. ರಾಷ್ಟ್ರೀಯ ನಷ್ಟ ಎನ್ನುವುದು ಇದಕ್ಕೇ.

ಇದಕ್ಕಿಂತ ಗಂಭೀರವಾದ ಸಮಸ್ಯೆಯೆಂದರೆ ಕ್ಲೈಂಟುಗಳು ನಮ್ಮ ಶಿಬಿರಕ್ಕೆ ಬಾರದೆಯೇ ನಮ್ಮ ವಿದ್ಯೆ ಕಲಿತುಬಿಟ್ಟಿರುವುದು. ವಾರಪತ್ರಿಕೆಗಳ ಸಲಹಾ ಅಂಕಣಕ್ಕೆ ‘ಹೆಸರು, ಊರು ಬೇಡ’ ಎಂದು ಸಹಿ ಹಾಕುತ್ತಿದ್ದ ಪೀಳಿಗೆಯ ಮೊಮ್ಮಕ್ಕಳಿವರು, ರಕ್ತದಲ್ಲೇ ಬಂದಿರಬೇಕು. ‘ನನ್ನ ಫ್ರೆಂಡ್ ಒಬ್ಬಳಿಗೆ ಹೀಗಾಗಿದೆ’ ಎಂದು ಶುರು ಮಾಡುತ್ತಾರೆ. ಬೇರೆ ಸಿಮ್ಮಿನ ನಂಬರ್ ಕೊಡುತ್ತಾರೆ. ಫಾರಂ ತುಂಬುವಾಗಲೇ ಹೆಸರು ಬದಲಾಯಿಸಿರುತ್ತಾರೆ. ವೇಷದವರಿಗೆ ನಾವು ಮತ್ತೆ ವೇಷ ಹಾಕಬೇಕಾಗಿ ಬಂದಿದೆ, ಅದರ ಪರಿಣಾಮ ನೋಡಿ. ತುಮಕೂರಿನ ವೀಣಾ ಎಂದು ಹೇಳಿಕೊಂಡು ಒಬ್ಬರು ಸಮಾಲೋಚಕಿಯ ಬಳಿ ಬಂದರು. ಮೂರು ತಿಂಗಳು ಬಂದು ಗುಣವಾಗಿ ಹೋದರು. ಸಮಾಲೋಚಕಿ ನಾನು ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ಹೆಸರು ಬದಲಾಯಿಸಿದರು, ಊರು ಬದಲಾಯಿಸಿದರು, ‘ಹಾಸನದ ರೇಖಾ’ ಎಂದು ರೀಲ್ಸ್ ಮಾಡಿದರು. ಹಿಂದೆ ಕುಂಡದಲ್ಲಿ ಗಿಡ, ಮೆಲ್ಲನೆಯ ಕೊಳಲು, ಎಲ್ಲ ಅಚ್ಚುಕಟ್ಟು. ಹಾಸನದಲ್ಲಿ ರೇಖಾ ಅವರ ಗಂಡನ ಮನೆಯವರೆಲ್ಲ ನೋಡಿದರು. ಬಂದುಹೋದವರ ನಿಜವಾದ ಹೆಸರು ರೇಖಾ, ಊರು ಹಾಸನ.

ಸಮಾಲೋಚಕಿಯನ್ನು ದೂರುವಂತಿಲ್ಲ, ಅವರು ನಿಯಮದ ಪ್ರಕಾರವೇ ನಡೆದಿದ್ದಾರೆ. ಇಂಥ ಅಚಾತುರ್ಯ ತಪ್ಪಿಸಲು ಇರುವುದು ಒಂದೇ ದಾರಿ. ಹೆಸರನ್ನು ಸರಿಯಾಗಿ ಬದಲಾಯಿಸಬೇಕಾದರೆ ನಿಜವಾದ ಹೆಸರು ಗೊತ್ತಿರಲೇಬೇಕು. ಆದ್ದರಿಂದ ಇನ್ನು ಮುಂದೆ ಗೋಪ್ಯತೆಯ ದೃಷ್ಟಿಯಿಂದ ಕ್ಲೈಂಟುಗಳು ಮೊದಲ ಭೇಟಿಯಲ್ಲೇ ಆಧಾರ್ ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಕೊಡುವುದು ಕಡ್ಡಾಯ, ಅದರ ಮೇಲೆ ಸ್ವಯಂ ದೃಢೀಕರಣದ ಸಹಿ, ಜೊತೆಗೆ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ. ಒಳಗೆ ತರುವುದು ಬೇಡ, ರಿಸೆಪ್ಷನ್‌ನಲ್ಲಿ ಕೊಟ್ಟರೆ ಸಾಕು. ಅಲ್ಲಿ ಕೂತಿರುವ ಹುಡುಗಿ ಹಾಸನದವಳೇ.